ಮಿನಿವ್ಯಾನ್‌ನ ಟ್ರೇಲರ್ ವೈರಿಂಗ್

ಮಿನಿವ್ಯಾನ್‌ನ ಟ್ರೇಲರ್ ವೈರಿಂಗ್ ಎಂದರೆ ಮಿನಿವ್ಯಾನ್ ವರ್ಗದ ವಾಹನವು ಟ್ರಾವೆಲ್ ಟ್ರೇಲರ್ ಒಂದನ್ನು ಎಳೆಯುವಾಗ ಅವೆರಡರ ನಡುವೆ ಏರ್ಪಡಿಸುವ 12 ವೋಲ್ಟ್‌ನ ವಿದ್ಯುತ್ ಸಂಪರ್ಕ ವ್ಯವಸ್ಥೆ. ಟ್ರೇಲರ್‌ನ ಹಿಂಬದಿ ದೀಪ, ಬ್ರೇಕ್ ದೀಪ ಮತ್ತು ಇಂಡಿಕೇಟರ್‌ಗಳನ್ನು ಬೆಳಗಿಸುವುದು, ಅದರ ಗಾಲಿಗಳಲ್ಲಿರುವ ವಿದ್ಯುತ್ ಬ್ರೇಕುಗಳಿಗೆ ಪ್ರವಾಹ ಒದಗಿಸುವುದು, ಪ್ರಯಾಣದ ವೇಳೆ ಅದರ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಈ ವ್ಯವಸ್ಥೆಯ ಕೆಲಸಗಳು. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಕುಟುಂಬಗಳು ಮಿನಿವ್ಯಾನ್‌ನ ಹಿಂದೆ ಸಣ್ಣ ಟ್ರಾವೆಲ್ ಟ್ರೇಲರ್ ಕಟ್ಟಿಕೊಂಡು ಪ್ರವಾಸ ಹೊರಡುವುದು ಸಾಮಾನ್ಯ. ಈ ಲೇಖನವು ಮುಖ್ಯವಾಗಿ ಆ ದೇಶಗಳಲ್ಲಿ ರೂಢಿಯಲ್ಲಿರುವ ಪದ್ಧತಿಯನ್ನು ವಿವರಿಸುತ್ತದೆ.

ಪರಿಭಾಷೆ

ಕನ್ನಡದಲ್ಲಿ ‘ಟ್ರೇಲರ್’ ಎಂದೊಡನೆ ಟ್ರ್ಯಾಕ್ಟರಿನ ಹಿಂದೆ ಕಬ್ಬು ಅಥವಾ ಮರಳು ಹೇರುವ ಬಂಡಿ ನೆನಪಾಗುತ್ತದೆ. ಟ್ರಾವೆಲ್ ಟ್ರೇಲರ್ ಅದಲ್ಲ. ಮಲಗುವ ಹಾಸಿಗೆ, ಅಡುಗೆ ಒಲೆ, ನೀರಿನ ತೊಟ್ಟಿ ಮುಂತಾದ ವಾಸದ ಅನುಕೂಲಗಳಿರುವ, ಸ್ವಂತ ಎಂಜಿನ್ ಇಲ್ಲದ, ಬೇರೊಂದು ವಾಹನವೇ ಎಳೆಯಬೇಕಾದ ಗಾಲಿಮನೆ ಇದು. ಬ್ರಿಟನ್ನಿನಲ್ಲಿ ಇದನ್ನು ಕ್ಯಾರವಾನ್ ಎಂದು ಕರೆಯುತ್ತಾರೆ. ಎಳೆಯುವ ವಾಹನದ ಹಿಂಭಾಗದಲ್ಲಿ ಬಿಗಿದಿರುವ ಉಕ್ಕಿನ ಚೌಕಟ್ಟಿಗೆ ಹಿಚ್ ಎಂದು ಹೆಸರು. ಅದರ ಮೇಲಿನ ಉಕ್ಕಿನ ಗುಂಡಿನ ಮೇಲೆ ಟ್ರೇಲರ್‌ನ ಮೂತಿ ಕೂರುತ್ತದೆ.

ಮಿನಿವ್ಯಾನ್ ಎಂಬುದು ಮೂರು ಸಾಲು ಆಸನಗಳೂ ಪಕ್ಕಕ್ಕೆ ಜಾರುವ ಬಾಗಿಲುಗಳೂ ಇರುವ ಕುಟುಂಬ ವಾಹನ. ಕ್ರೈಸ್ಲರ್ ಸಂಸ್ಥೆಯು 1984ರ ಮಾದರಿಯಾಗಿ ಹೊರತಂದ ಡಾಡ್ಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್‌ಗಳಿಂದ ಈ ವರ್ಗವು ಅಮೆರಿಕದಲ್ಲಿ ಜನಪ್ರಿಯವಾಯಿತು. ಪಿಕಪ್ ಟ್ರಕ್ಕುಗಳಂತೆ ಇದಕ್ಕೆ ಪ್ರತ್ಯೇಕ ಉಕ್ಕಿನ ಷಾಸಿ ಇಲ್ಲ. ಕಾರಿನಂತೆ ಒಡಲು ಮತ್ತು ಚೌಕಟ್ಟು ಒಂದೇ ಆಗಿರುತ್ತವೆ. ಟ್ರೇಲರ್ ಎಳೆಯುವುದು ಇದರ ಮೂಲ ಉದ್ದೇಶವಲ್ಲವಾದ್ದರಿಂದ ಅದಕ್ಕೆ ಬೇಕಾದ ವೈರಿಂಗ್ ಕಾರ್ಖಾನೆಯಿಂದಲೇ ಬಂದಿರುವುದು ಕಡಿಮೆ. ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಅನಂತರ ಸೇರಿಸಬೇಕಾಗುತ್ತದೆ. ಈ ಲೇಖನದಲ್ಲಿ ಎಡ ಮತ್ತು ಬಲ ಎಂದರೆ ವಾಹನವು ಸಾಗುವ ದಿಕ್ಕಿಗೆ ಮುಖಮಾಡಿ ನಿಂತಾಗಿನ ಎಡ, ಬಲ. ಅಮೆರಿಕದಲ್ಲಿ ಚಾಲಕನ ಆಸನ ಎಡಬದಿಗಿರುತ್ತದೆ.

ತೂಕ ಮತ್ತು ಬ್ರೇಕಿನ ಅಗತ್ಯ

ಹೋಂಡಾ ಒಡಿಸ್ಸಿ, ಟೊಯೋಟಾ ಸಿಯೆನ್ನಾ, ಕಿಯಾ ಕಾರ್ನಿವಲ್ ವಾಹನಗಳಿಗೆ ಅಮೆರಿಕದಲ್ಲಿ ತಯಾರಕರು ನಿಗದಿಪಡಿಸಿರುವ ಗರಿಷ್ಠ ಎಳೆತದ ಮಿತಿ 3,500 ಪೌಂಡ್, ಅಂದರೆ ಸುಮಾರು 1,588 ಕಿಲೋಗ್ರಾಂ. ಎಳೆಯುವ ಸಲಕರಣೆಗಳ ಸಮೇತ ಬರುವ ಕ್ರೈಸ್ಲರ್ ಪೆಸಿಫಿಕಾದ ಮಿತಿ 3,600 ಪೌಂಡ್. ಇದೇ ವಾಹನದ ಪ್ಲಗ್-ಇನ್ ಹೈಬ್ರಿಡ್ ಮಾದರಿಗೆ ಎಳೆಯುವ ಅನುಮತಿಯೇ ಇಲ್ಲ. ಹೀಗಾಗಿ ಒಂದೇ ಹೆಸರಿನ ಎರಡು ವಾಹನಗಳಲ್ಲಿ ಒಂದು ಎಳೆಯಬಲ್ಲದು, ಇನ್ನೊಂದು ಎಳೆಯಬಾರದು ಎಂಬ ಸ್ಥಿತಿಯೂ ಇದೆ. ವಾಹನದ ಕೈಪಿಡಿಯನ್ನು ನೋಡದೆ ವೈರು ಕೊಳ್ಳಲು ಹೋಗುವುದು ವ್ಯರ್ಥ.

ಈ ಮಿತಿಯೊಳಗೆ ಬರುವ ಟ್ರಾವೆಲ್ ಟ್ರೇಲರ್‌ಗಳು ಚಿಕ್ಕವು, ಹೆಚ್ಚಾಗಿ ಒಂದೇ ಅಚ್ಚಿನವು. ಆದರೂ ನೀರು, ಸಾಮಾನು, ಅಡುಗೆ ಅನಿಲದ ಸಿಲಿಂಡರ್ ತುಂಬಿದ ಮೇಲೆ ಅವುಗಳ ತೂಕ ಮಿತಿಯ ಸಮೀಪಕ್ಕೆ ಬರುವುದುಂಟು. ಅಮೆರಿಕದ ಹಲವು ರಾಜ್ಯಗಳಲ್ಲಿ 3,000 ಪೌಂಡಿಗಿಂತ ಹೆಚ್ಚು ತೂಗುವ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ಕೆಲವು ರಾಜ್ಯಗಳು ಈ ಮಿತಿಯನ್ನು 1,500 ಪೌಂಡಿಗೇ ಇಳಿಸಿವೆ. ಕಾನೂನು ಹೇಳಲಿ ಬಿಡಲಿ, ತನ್ನ ಬ್ರೇಕನ್ನು ತನ್ನದೇ ತೂಕಕ್ಕಾಗಿ ಪಡೆದಿರುವ ಮಿನಿವ್ಯಾನ್ ಇಳಿಜಾರಿನಲ್ಲಿ ಇನ್ನೂ ಒಂದೂವರೆ ಟನ್ನನ್ನು ತಡೆಯಬೇಕೆಂದರೆ ಟ್ರೇಲರ್‌ನ ಬ್ರೇಕ್ ಅನಿವಾರ್ಯ. ದೋಣಿ ಅಥವಾ ಸಾಮಾನು ಸಾಗಿಸುವ ಪುಟ್ಟ ಬಂಡಿಗೆ ಸಾಕಾಗುವ ದೀಪಗಳ ವೈರಿಂಗ್ ಟ್ರಾವೆಲ್ ಟ್ರೇಲರ್‌ಗೆ ಸಾಲದಿರುವುದು ಇದೇ ಕಾರಣಕ್ಕೆ.

ಕನೆಕ್ಟರ್‌ಗಳು

ಉತ್ತರ ಅಮೆರಿಕದಲ್ಲಿ ಎರಡು ಬಗೆಯ ಕನೆಕ್ಟರ್‌ಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ನಾಲ್ಕು ಪಿನ್‌ಗಳು ಒಂದೇ ಸಾಲಿನಲ್ಲಿರುವ ಚಪ್ಪಟೆ ಕನೆಕ್ಟರ್. ಬಿಳಿ ವೈರು ಭೂಸಂಪರ್ಕಕ್ಕೆ, ಕಂದು ವೈರು ಹಿಂಬದಿ ಮತ್ತು ಅಂಚಿನ ದೀಪಗಳಿಗೆ, ಹಳದಿ ವೈರು ಎಡಗಡೆಯ ಇಂಡಿಕೇಟರ್ ಹಾಗೂ ಬ್ರೇಕ್ ದೀಪಕ್ಕೆ, ಹಸಿರು ವೈರು ಬಲಗಡೆಯ ಇಂಡಿಕೇಟರ್ ಹಾಗೂ ಬ್ರೇಕ್ ದೀಪಕ್ಕೆ ಮೀಸಲು. ವಾಹನದ ಬದಿಯ ಕನೆಕ್ಟರ್‌ನಲ್ಲಿ ಮೂರು ತುದಿಗಳು ರಬ್ಬರಿನೊಳಗೆ ಮುಚ್ಚಿಕೊಂಡಿದ್ದು ಭೂಸಂಪರ್ಕದ ಪಿನ್ ಮಾತ್ರ ಹೊರಗೆ ಚಾಚಿರುತ್ತದೆ. ಟ್ರೇಲರ್ ಬದಿಯಲ್ಲಿ ಇದು ತಿರುಗುಮುರುಗು. ಬಿಚ್ಚಿದ ಕನೆಕ್ಟರ್ ಬಂಪರಿಗೆ ತಗುಲಿದರೂ ವಿದ್ಯುತ್ತಿರುವ ತುದಿ ಲೋಹವನ್ನು ಮುಟ್ಟದಿರಲಿ ಎಂಬುದು ಈ ವಿನ್ಯಾಸದ ಉದ್ದೇಶ. ಇದೇ ಕನೆಕ್ಟರ್‌ಗೆ ನೀಲಿ ವೈರಿನ ಐದನೆಯ ಪಿನ್ ಸೇರಿಸಿದ ರೂಪವೂ ಉಂಟು.

ಎರಡನೆಯದು ಏಳು ಚಪ್ಪಟೆ ನಾಲಗೆಗಳಿರುವ ದುಂಡನೆಯ ಸಾಕೆಟ್. ಸುತ್ತ ಆರು, ನಡುವೆ ಒಂದು. ನಾಲ್ಕು ಪಿನ್‌ಗಳ ಎಲ್ಲ ಕೆಲಸಗಳ ಜೊತೆಗೆ ಟ್ರೇಲರ್ ಬ್ರೇಕಿಗೆ ಒಂದು, ಬ್ಯಾಟರಿ ಚಾರ್ಜಿಗೆ ಒಂದು ಮತ್ತು ರಿವರ್ಸ್ ದೀಪಕ್ಕೆ ಒಂದು ನಾಲಗೆ ಇದರಲ್ಲಿದೆ. ಯಾವ ನಾಲಗೆ ಯಾವ ಸ್ಥಾನದಲ್ಲಿರಬೇಕು ಎಂಬುದನ್ನು ಎಸ್‌ಎಇ ಸಂಸ್ಥೆಯ ಜೆ2863 ಮಾನಕವು ಗೊತ್ತುಪಡಿಸಿದೆ. ಭಾರಿ ಲಾರಿಗಳ ಏಳು ಪಿನ್‌ನ ಕನೆಕ್ಟರ್ (ಜೆ560) ಇದರಿಂದ ಬೇರೆ. ಎರಡರಲ್ಲೂ ಏಳೇ ಸಂಪರ್ಕಗಳಿದ್ದರೂ ಒಂದಕ್ಕೊಂದು ಹೊಂದುವುದಿಲ್ಲ.

ಮಾರುಕಟ್ಟೆಯಲ್ಲಿ ಮಿನಿವ್ಯಾನ್‌ಗಳಿಗೆ ಸಿಗುವ ಸಿದ್ಧ ವೈರಿಂಗ್ ಕಿಟ್‌ಗಳು ಬಹುಪಾಲು ನಾಲ್ಕು ಪಿನ್‌ನವು. ಆದ್ದರಿಂದ ಮಿನಿವ್ಯಾನ್ ಮಾಲೀಕನೊಬ್ಬ ಮಾಡಬೇಕಾದ ಕೆಲಸವು ವಾಸ್ತವದಲ್ಲಿ ನಾಲ್ಕನ್ನು ಏಳಕ್ಕೆ ಏರಿಸುವುದು: ಮುಂದಿನ ಬ್ಯಾಟರಿಯಿಂದ ಹಿಂಬದಿಗೆ ದಪ್ಪನೆಯ ಚಾರ್ಜ್ ವೈರು, ಬ್ರೇಕ್ ನಿಯಂತ್ರಕದಿಂದ ನೀಲಿ ವೈರು ಮತ್ತು ಇವೆರಡರ ಪ್ರವಾಹ ಹಿಂದಿರುಗಲು ತಕ್ಕ ದಪ್ಪದ ಭೂಸಂಪರ್ಕ. ನಾಲ್ಕನ್ನು ಏಳಾಗಿ ಮಾಡುವ ಅಡಾಪ್ಟರ್ ಸಿಗುತ್ತದೆ. ಆದರೆ ಈ ಮೂರು ವೈರುಗಳನ್ನು ಎಳೆಯದೆ ಅದನ್ನು ಬರಿದೇ ಸಿಕ್ಕಿಸಿದರೆ ದೀಪಗಳಷ್ಟೇ ಉರಿಯುತ್ತವೆ, ಬ್ರೇಕ್ ಹಿಡಿಯುವುದಿಲ್ಲ. ಸಾಕೆಟ್ ಏಳು ಪಿನ್‌ನದಾಗಿ ಕಾಣುವುದರಿಂದ ಈ ಕೊರತೆ ಹೊರನೋಟಕ್ಕೆ ತಿಳಿಯುವುದೂ ಇಲ್ಲ.

ಬಣ್ಣಗಳ ಗೊಂದಲ

ವೈರಿನ ಬಣ್ಣವನ್ನು ನಂಬಿ ಜೋಡಿಸುವುದು ಈ ಕೆಲಸದ ಅತಿ ಸಾಮಾನ್ಯ ತಪ್ಪು. ವಾಹನದ ಬದಿಯ ಕಿಟ್‌ಗಳು ನಾಲ್ಕು ಪಿನ್‌ನ ಬಣ್ಣಕ್ರಮವನ್ನೇ ಮುಂದುವರಿಸುತ್ತವೆ. ಟ್ರಾವೆಲ್ ಟ್ರೇಲರ್ ತಯಾರಕರು ಮಾತ್ರ ಬಹುಕಾಲದಿಂದ ಬೇರೊಂದು ಕ್ರಮವನ್ನು ಅನುಸರಿಸುತ್ತ ಬಂದಿದ್ದಾರೆ. ಎರಡರಲ್ಲೂ ಅವೇ ಬಣ್ಣಗಳು ಬಳಕೆಯಾಗುತ್ತವೆ, ಅರ್ಥ ಮಾತ್ರ ಬೇರೆ.

| ಕೆಲಸ | ವಾಹನದ ಬದಿಯ ರೂಢಿ | ಟ್ರಾವೆಲ್ ಟ್ರೇಲರ್ ರೂಢಿ |
|---|---|---|
| ಭೂಸಂಪರ್ಕ | ಬಿಳಿ | ಬಿಳಿ |
| ಟ್ರೇಲರ್ ಬ್ರೇಕ್ | ನೀಲಿ | ನೀಲಿ |
| ಬ್ಯಾಟರಿ ಚಾರ್ಜ್ | ಕಪ್ಪು, ಕೆಲವೆಡೆ ಕೆಂಪು | ಕಪ್ಪು |
| ಹಿಂಬದಿ ಮತ್ತು ಅಂಚಿನ ದೀಪ | ಕಂದು | ಹಸಿರು |
| ಎಡ ಇಂಡಿಕೇಟರ್ ಮತ್ತು ಬ್ರೇಕ್ ದೀಪ | ಹಳದಿ | ಕೆಂಪು |
| ಬಲ ಇಂಡಿಕೇಟರ್ ಮತ್ತು ಬ್ರೇಕ್ ದೀಪ | ಹಸಿರು | ಕಂದು |
| ರಿವರ್ಸ್ ದೀಪ | ನೇರಳೆ | ಹಳದಿ |

ಬಣ್ಣಕ್ಕೆ ಬಣ್ಣ ಕೂಡಿಸಿದರೆ ಆಗುವ ಪರಿಣಾಮ ವಿಚಿತ್ರವಾದದ್ದು. ಹಗಲಿನಲ್ಲಿ, ದೀಪಗಳೆಲ್ಲ ಆರಿರುವಾಗ ಒಬ್ಬರು ಬ್ರೇಕ್ ಒತ್ತಿದರು ಎಂದುಕೊಳ್ಳಬಹುದು. ವ್ಯಾನಿನ ಹಸಿರು ವೈರಿನಲ್ಲಿ ಬರುವ ಬ್ರೇಕ್ ಸಂಕೇತವು ಟ್ರೇಲರ್‌ನ ಹಸಿರು ವೈರಿಗೆ, ಅಂದರೆ ಹಿಂಬದಿ ದೀಪಗಳಿಗೆ ಹೋಗುತ್ತದೆ. ಟ್ರೇಲರ್‌ನ ಎರಡೂ ಬದಿಯಲ್ಲಿ ಕೆಂಪು ಬೆಳಕು ಮೂಡುತ್ತದೆ. ಹಿಂದೆ ನಿಂತು ನೋಡುವವರು ‘ಸರಿಯಿದೆ’ ಎಂದುಬಿಡುತ್ತಾರೆ. ವಾಸ್ತವದಲ್ಲಿ ಉರಿದದ್ದು ಮಂದವಾದ ಹಿಂಬದಿ ದೀಪಗಳು, ಬ್ರೇಕ್ ದೀಪ ಒಂದೂ ಉರಿದಿರುವುದಿಲ್ಲ. ಕತ್ತಲಾಗಿ ಹೆಡ್‌ಲೈಟ್ ಹಾಕಿದೊಡನೆ ವ್ಯಾನಿನ ಕಂದು ವೈರು ಟ್ರೇಲರ್‌ನ ಬಲಗಡೆಯ ಬ್ರೇಕ್ ದೀಪವನ್ನು ಪ್ರಖರವಾಗಿ ಹೊತ್ತಿಸಿ ಹಾಗೆಯೇ ಇಡುತ್ತದೆ. ಬ್ರೇಕ್ ಒತ್ತದಿದ್ದಾಗ ಉಳಿದ ಹಿಂಬದಿ ದೀಪಗಳು ಆರಿರುತ್ತವೆ. ಹೆದ್ದಾರಿಯಲ್ಲಿ ಹಿಂದೆ ಬರುವ ಚಾಲಕನಿಗೆ ಕಾಣುವುದು ಯಾವಾಗಲೂ ಉರಿಯುವ ಒಂಟಿ ಕೆಂಪು ದೀಪ. ಮುಂದಿನ ವಾಹನ ನಿಲ್ಲುತ್ತಿದೆಯೋ ಸಾಗುತ್ತಿದೆಯೋ ಎಂಬುದು ಅವನಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಆದ್ದರಿಂದ ಅನುಭವಿಗಳು ಪ್ರತಿ ವೈರನ್ನೂ ಅದು ಮಾಡುವ ಕೆಲಸದಿಂದಲೇ ಗುರುತಿಸುತ್ತಾರೆ. ವ್ಯಾನಿನ ಬದಿಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು, ಒಬ್ಬರು ಒಳಗೆ ಕುಳಿತು ಒಂದೊಂದೇ ಸ್ವಿಚ್ ಹಾಕುತ್ತ ಹೋದಂತೆ ಯಾವ ತುದಿಗೆ ವಿದ್ಯುತ್ ಬರುತ್ತದೆ ಎಂದು ಬರೆದುಕೊಳ್ಳುವುದು ಕ್ರಮ. ಟ್ರೇಲರ್ ಬದಿಯಲ್ಲಿ ಫ್ಯೂಸ್ ಅಳವಡಿಸಿದ ಬೇರೊಂದು 12 ವೋಲ್ಟ್ ಬ್ಯಾಟರಿಯಿಂದ ಒಂದೊಂದೇ ವೈರಿಗೆ ವಿದ್ಯುತ್ ಕೊಟ್ಟು ಯಾವ ದೀಪ ಹೊತ್ತುತ್ತದೆ ಎಂದು ನೋಡಲಾಗುತ್ತದೆ. ಹಳೆಯ ಟ್ರೇಲರ್‌ಗಳಲ್ಲಿ ಹಿಂದಿನ ಮಾಲೀಕರು ಕೈಗೆ ಸಿಕ್ಕ ಬಣ್ಣದ ವೈರಿನಿಂದ ದುರಸ್ತಿ ಮಾಡಿರುವುದೂ ಉಂಟು. ಅಲ್ಲಿ ಮೇಲಿನ ಕೋಷ್ಟಕವೂ ನೆರವಿಗೆ ಬರುವುದಿಲ್ಲ.

ದೀಪಗಳ ಸಂಕೇತ ಮತ್ತು ಪರಿವರ್ತಕ

ಅಮೆರಿಕದ ವಾಹನ ಸುರಕ್ಷತಾ ಮಾನಕ 108ರ ಪ್ರಕಾರ ಹಿಂಬದಿಯ ಇಂಡಿಕೇಟರ್ ಕೆಂಪಾಗಿಯೂ ಇರಬಹುದು, ಹಳದಿ ಛಾಯೆಯ ಅಂಬರ್ ಆಗಿಯೂ ಇರಬಹುದು. ಈ ಸಡಿಲಿಕೆಯಿಂದಾಗಿ ಅಲ್ಲಿನ ಟ್ರೇಲರ್‌ಗಳಲ್ಲಿ ಬ್ರೇಕ್ ದೀಪ ಮತ್ತು ಇಂಡಿಕೇಟರ್ ಎರಡಕ್ಕೂ ಒಂದೇ ಕೆಂಪು ದೀಪವನ್ನು ಬಳಸುವ ರೂಢಿ ಬೆಳೆದಿದೆ. ಬ್ರೇಕ್ ಒತ್ತಿದಾಗ ಅದು ಸ್ಥಿರವಾಗಿ ಉರಿಯುತ್ತದೆ, ತಿರುಗುವಾಗ ಮಿನುಗುತ್ತದೆ. ಎರಡೂ ಒಟ್ಟಿಗೆ ಬಂದರೆ ತಿರುಗುವ ಬದಿಯದು ಮಿನುಗಿ ಇನ್ನೊಂದು ಬದಿಯದು ಸ್ಥಿರವಾಗಿರಬೇಕು. ಹಲವು ಮಿನಿವ್ಯಾನ್‌ಗಳಲ್ಲಿ ಇಂಡಿಕೇಟರ್ ಬೇರೆ, ಬ್ರೇಕ್ ದೀಪ ಬೇರೆ. ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಬ್ರೇಕ್ ಎಂಬ ಮೂರು ಸಂಕೇತಗಳನ್ನು ಎಡ, ಬಲ ಎಂಬ ಎರಡು ವೈರುಗಳಿಗೆ ಇಳಿಸುವ ಪುಟ್ಟ ವಿದ್ಯುನ್ಮಾನ ಪೆಟ್ಟಿಗೆಯೇ ಪರಿವರ್ತಕ.

ಪರಿವರ್ತಕದಲ್ಲಿ ಎರಡು ಬಗೆ. ಒಂದು, ವ್ಯಾನಿನ ದೀಪಗಳ ವೈರಿನಿಂದಲೇ ಪ್ರವಾಹ ಪಡೆದು ಟ್ರೇಲರ್‌ಗೆ ಹಂಚುವಂಥದ್ದು. ಇನ್ನೊಂದು, ದೀಪಗಳ ವೈರಿನಿಂದ ಸಂಕೇತವನ್ನಷ್ಟೇ ಓದಿಕೊಂಡು ಪ್ರವಾಹವನ್ನು ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರವಾಗಿ ಪಡೆಯುವಂಥದ್ದು. ಟ್ರಾವೆಲ್ ಟ್ರೇಲರ್‌ಗೆ ಎರಡನೆಯದೇ ತಕ್ಕದ್ದು. ಇದರ ಕಾರಣ ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. 80 ಅಂಗುಲ ಅಥವಾ ಅದಕ್ಕಿಂತ ಹೆಚ್ಚು ಅಗಲದ ಟ್ರೇಲರ್‌ಗೆ ಮೂಲೆಗಳಲ್ಲಿ ಅಗಲ ಸೂಚಿಸುವ ದೀಪಗಳು, ಹಿಂಬದಿಯ ನಡುವೆ ಮೂರು ಗುರುತಿನ ದೀಪಗಳು, ಪಕ್ಕಗಳಲ್ಲಿ ಅಂಚಿನ ದೀಪಗಳು ಹೀಗೆ ಒಟ್ಟು ಹನ್ನೊಂದು ಚಿಕ್ಕ ದೀಪಗಳು ಬೇಕಾಗುತ್ತವೆ. ಹಳೆಯ ತಂತುವಿನ ಬಲ್ಬುಗಳಾದರೆ ಪ್ರತಿಯೊಂದೂ ಸುಮಾರು 0.27 ಆಂಪಿಯರ್ ಎಳೆಯುತ್ತದೆ. ಎರಡು ಹಿಂಬದಿ ದೀಪಗಳು ತಲಾ 0.6 ಆಂಪಿಯರ್. ಒಟ್ಟಾರೆ ಕಂದು ವೈರಿನ ಮೇಲೆ 4 ಆಂಪಿಯರ್‌ಗೂ ಹೆಚ್ಚಿನ ಹೊರೆ ಬೀಳುತ್ತದೆ. ಎಲ್‌ಇಡಿ ದೀಪಗಳಿರುವ ಟ್ರೇಲರ್‌ನಲ್ಲಿ ಈ ಹೊರೆ ಬಹಳ ಕಡಿಮೆ.

ಇತ್ತೀಚಿನ ಮಿನಿವ್ಯಾನ್‌ಗಳಲ್ಲಿ ದೀಪಗಳನ್ನು ನಿಯಂತ್ರಿಸುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಗಣಕ ಘಟಕ. ಅದು ಪ್ರತಿ ದೀಪದ ಪ್ರವಾಹವನ್ನು ಗಮನಿಸುತ್ತಿರುತ್ತದೆ, ಕೆಲವು ದೀಪಗಳಿಗೆ ವಿದ್ಯುತ್ತನ್ನು ಅತಿ ವೇಗದ ತುಣುಕುಗಳಾಗಿ ಕಳುಹಿಸುತ್ತದೆ. ಹಳೆಯ ಕಾಲದಂತೆ ವೈರಿನ ಹೊದಿಕೆ ಸುಲಿದು ಮತ್ತೊಂದು ವೈರು ಸುತ್ತಿದರೆ ಆ ಘಟಕವು ದೋಷವೆಂದು ಬಗೆದು ದೀಪವನ್ನು ಆರಿಸಬಹುದು, ಇಲ್ಲವೇ ಹೆಚ್ಚುವರಿ ಹೊರೆಯಿಂದ ಅದೇ ಸುಟ್ಟುಹೋಗಬಹುದು. ಅದನ್ನು ಬದಲಿಸುವ ವೆಚ್ಚದ ಮುಂದೆ ಪರಿವರ್ತಕದ ಬೆಲೆ ಏನೂ ಅಲ್ಲ. ಹಿಂಬದಿ ದೀಪದ ಕವಚವನ್ನು ಕಳಚಿ, ಅದರ ಮೂಲ ಪ್ಲಗ್ ಮತ್ತು ಸಾಕೆಟ್‌ಗಳ ನಡುವೆ ಸಿಕ್ಕಿಸುವ ‘ಟಿ’ ಆಕಾರದ ಸಿದ್ಧ ಕಿಟ್‌ಗಳು ಯಾವ ವೈರನ್ನೂ ಕತ್ತರಿಸದೆ ಕೆಲಸ ಮಾಡುತ್ತವೆ.

ಬ್ರೇಕ್ ನಿಯಂತ್ರಕ

ಟ್ರೇಲರ್‌ನ ವಿದ್ಯುತ್ ಬ್ರೇಕಿನಲ್ಲಿ ಪ್ರತಿ ಡ್ರಮ್ಮಿನ ಒಳಗೆ ಒಂದು ವಿದ್ಯುತ್ಕಾಂತ ಇರುತ್ತದೆ. ಪ್ರವಾಹ ಹರಿದಾಗ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಸನ್ನೆಕೋಲನ್ನು ಎಳೆಯುತ್ತದೆ, ಸನ್ನೆಕೋಲು ಬ್ರೇಕ್ ಶೂಗಳನ್ನು ಒತ್ತುತ್ತದೆ. ಪೂರ್ಣ ಬಲದಲ್ಲಿ ಒಂದು ಕಾಂತ ಸುಮಾರು 3 ಆಂಪಿಯರ್ ಎಳೆಯುತ್ತದೆ. ಒಂದೇ ಅಚ್ಚಿನ ಟ್ರೇಲರ್‌ಗೆ ಒಟ್ಟು 6 ಆಂಪಿಯರ್ ಸಾಕು.

ಎಷ್ಟು ಪ್ರವಾಹ ಯಾವಾಗ ಹರಿಯಬೇಕು ಎಂದು ನಿರ್ಧರಿಸುವ ಉಪಕರಣವೇ ಬ್ರೇಕ್ ನಿಯಂತ್ರಕ. ಇದನ್ನು ಚಾಲಕನ ಕೈಗೆಟಕುವಂತೆ ಡ್ಯಾಶ್‌ಬೋರ್ಡಿನ ಕೆಳಗೆ ಬಿಗಿಯಲಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕು ವೈರು: ಬ್ಯಾಟರಿಯಿಂದ ಬರುವ ಕಪ್ಪು, ಭೂಸಂಪರ್ಕದ ಬಿಳಿ, ಬ್ರೇಕ್ ಪೆಡಲಿನ ಸ್ವಿಚ್ಚಿನಿಂದ ಸಂಕೇತ ತರುವ ಕೆಂಪು, ಟ್ರೇಲರ್‌ಗೆ ಹೋಗುವ ನೀಲಿ. ಹಳೆಯ ಬಗೆಯ ನಿಯಂತ್ರಕಗಳು ಪೆಡಲ್ ಒತ್ತಿದ ಮೇಲೆ ನಿಗದಿತ ಕಾಲದಲ್ಲಿ ಪ್ರವಾಹವನ್ನು ಏರಿಸುತ್ತವೆ. ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಅವುಗಳ ನಡವಳಿಕೆ ಒಂದೇ. ಅನುಪಾತದ ನಿಯಂತ್ರಕಗಳು ವಾಹನದ ವೇಗ ಇಳಿಯುತ್ತಿರುವ ದರವನ್ನು ಅಳೆದು ಅದಕ್ಕೆ ತಕ್ಕಷ್ಟು ಪ್ರವಾಹ ಕೊಡುತ್ತವೆ. ಹಗುರವಾದ ಮಿನಿವ್ಯಾನ್‌ಗೆ ಇವೇ ಹೆಚ್ಚು ಸೂಕ್ತ. ನಿಯಂತ್ರಕದ ಮೇಲಿರುವ ಕೈಸನ್ನೆಯನ್ನು ಒತ್ತಿದರೆ ಟ್ರೇಲರ್‌ನ ಬ್ರೇಕ್ ಮಾತ್ರ ಹಿಡಿಯುತ್ತದೆ. ಗಾಳಿಗೆ ಸಿಕ್ಕಿ ಟ್ರೇಲರ್ ಹಾವಿನಂತೆ ಓಲಾಡತೊಡಗಿದಾಗ ಅದನ್ನು ನೇರಗೊಳಿಸಲು ಚಾಲಕನ ಬಳಿಯಿರುವ ಮುಖ್ಯ ಸಾಧನ ಇದು.

ಪಿಕಪ್ ಟ್ರಕ್ಕುಗಳಲ್ಲಿ ನಿಯಂತ್ರಕಕ್ಕೆಂದೇ ಸಾಕೆಟ್ ಇರುವುದುಂಟು, ಮಿನಿವ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪೆಡಲಿನ ಸ್ವಿಚ್ಚಿನಲ್ಲಿ ಹಲವು ವೈರುಗಳಿದ್ದು, ಪೆಡಲ್ ಒತ್ತಿದಾಗ ಮಾತ್ರ 12 ವೋಲ್ಟ್ ತೋರುವ ವೈರನ್ನು ಅಳೆದೇ ಹುಡುಕಬೇಕು. ಈ ತೊಡಕನ್ನು ತಪ್ಪಿಸಲು ಏಳು ಪಿನ್‌ನ ಪ್ಲಗ್ ಬಳಿ ಅಥವಾ ಟ್ರೇಲರ್‌ನ ಮೇಲೆಯೇ ಕುಳಿತು ನಿಸ್ತಂತುವಾಗಿ ಆಜ್ಞೆ ಪಡೆಯುವ ನಿಯಂತ್ರಕಗಳೂ ಬಂದಿವೆ.

ಹಿಚ್ ಕಳಚಿ ಟ್ರೇಲರ್ ಬೇರ್ಪಟ್ಟರೆ ಅದನ್ನು ನಿಲ್ಲಿಸುವುದು ಬ್ರೇಕ್‌ಅವೇ ಸ್ವಿಚ್. ವ್ಯಾನಿಗೆ ಕಟ್ಟಿದ ತೆಳು ಉಕ್ಕಿನ ಹಗ್ಗವು ಸ್ವಿಚ್ಚಿನೊಳಗಿನ ಪಿನ್ನನ್ನು ಕಿತ್ತೊಡನೆ ಟ್ರೇಲರ್‌ನ ಸ್ವಂತ ಬ್ಯಾಟರಿಯಿಂದ ಬ್ರೇಕುಗಳಿಗೆ ಪೂರ್ಣ ಪ್ರವಾಹ ಹರಿಯುತ್ತದೆ. ಹಗ್ಗವನ್ನು ಸುರಕ್ಷತಾ ಸರಪಳಿಗೆ ಕಟ್ಟದೆ ವ್ಯಾನಿನ ಗಟ್ಟಿ ಭಾಗಕ್ಕೆ ಬೇರೆಯಾಗಿ ಕಟ್ಟಬೇಕು. ಟ್ರೇಲರ್‌ನ ಬ್ಯಾಟರಿ ಬರಿದಾಗಿದ್ದರೆ ಈ ಸ್ವಿಚ್ ಇದ್ದೂ ಇಲ್ಲದಂತೆ. ಆದ್ದರಿಂದ ಚಾರ್ಜ್ ವೈರು ಒಳಗಿನ ದೀಪ, ಫ್ಯಾನುಗಳ ಅನುಕೂಲಕ್ಕಷ್ಟೇ ಸೀಮಿತವಲ್ಲ, ಜೀವರಕ್ಷಣೆಗೂ ಸಂಬಂಧಿಸಿದ್ದು.

ವೈರಿನ ದಪ್ಪ

ಉತ್ತರ ಅಮೆರಿಕದಲ್ಲಿ ವೈರಿನ ದಪ್ಪವನ್ನು ಗೇಜ್ ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ವೈರು ದಪ್ಪ. 16 ಗೇಜ್ ಎಂದರೆ ಸುಮಾರು 1.3 ಚದರ ಮಿಲಿಮೀಟರ್, 14 ಗೇಜ್ ಎಂದರೆ 2.1, 12 ಗೇಜ್ ಎಂದರೆ 3.3, 10 ಗೇಜ್ ಎಂದರೆ 5.3 ಚದರ ಮಿಲಿಮೀಟರ್. ಮಿನಿವ್ಯಾನ್‌ನ ಉದ್ದ 5 ಮೀಟರಿಗೂ ಹೆಚ್ಚು. ಬಾಗು ತಿರುವುಗಳನ್ನು ಸೇರಿಸಿದರೆ ಮುಂದಿನ ಬ್ಯಾಟರಿಯಿಂದ ಹಿಚ್‌ವರೆಗೆ ಸುಮಾರು 7 ಮೀಟರ್ ವೈರು ಬೇಕು.

ಟ್ರೇಲರ್‌ನ ಬ್ಯಾಟರಿ ಮತ್ತು ಫ್ರಿಜ್ಜು ಸೇರಿ 15 ಆಂಪಿಯರ್ ಎಳೆಯುತ್ತವೆ ಎಂದು ಇಟ್ಟುಕೊಂಡರೆ, 14 ಗೇಜಿನ ತಾಮ್ರದ ವೈರಿನಲ್ಲಿ 7 ಮೀಟರಿಗೆ ಸುಮಾರು 0.87 ವೋಲ್ಟ್ ಸೋರಿಹೋಗುತ್ತದೆ. ಹಿಂದಿರುಗುವ ದಾರಿಯೂ ಅದೇ ದಪ್ಪದ ವೈರಾದರೆ ನಷ್ಟ 1.74 ವೋಲ್ಟ್. ಆಲ್ಟರ್ನೇಟರ್ 14 ವೋಲ್ಟ್ ಕೊಡುತ್ತಿದ್ದರೂ ಟ್ರೇಲರ್‌ಗೆ ತಲುಪುವುದು 12.3 ವೋಲ್ಟ್‌ಗಿಂತ ಕಡಿಮೆ. ಪೂರ್ಣ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿಯು ಸುಮ್ಮನಿರುವಾಗಲೇ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅಂದರೆ ಇಂಥ ವೈರಿನಲ್ಲಿ ಬ್ಯಾಟರಿ ಪೂರ್ಣ ಚಾರ್ಜ್ ಆಗಲಾರದು, ಫ್ರಿಜ್ಜಿನ ಹೊರೆಯನ್ನು ತಾನೇ ಹೊರಬೇಕಾದೀತು. ದಿನವಿಡೀ ವಾಹನ ಓಡಿಸಿದರೂ ಸಂಜೆ ಬ್ಯಾಟರಿ ಬರಿದಾಗಿರುವುದೇಕೆ ಎಂಬ ಪ್ರಶ್ನೆಗೆ ಅನೇಕ ವೇಳೆ ಉತ್ತರ ಇದು. 10 ಗೇಜಿನ ವೈರಿನಲ್ಲಿ ಅದೇ ಪ್ರವಾಹಕ್ಕೆ ಎರಡೂ ದಾರಿಯ ನಷ್ಟ ಸುಮಾರು 0.7 ವೋಲ್ಟ್ ಮಾತ್ರ. ಇನ್ನೂ ಉತ್ತಮ ಫಲ ಬೇಕಾದವರು ಟ್ರೇಲರ್‌ನಲ್ಲಿ ವೋಲ್ಟೇಜನ್ನು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಅಳವಡಿಸುತ್ತಾರೆ.

ಬ್ರೇಕಿನ ನೀಲಿ ವೈರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 6 ಆಂಪಿಯರ್‌ಗೆ 16 ಗೇಜಿನಲ್ಲಿ ಹೋಗುವ ದಾರಿಯಲ್ಲೇ ಸುಮಾರು 0.55 ವೋಲ್ಟ್, 12 ಗೇಜಿನಲ್ಲಿ 0.22 ವೋಲ್ಟ್ ನಷ್ಟವಾಗುತ್ತದೆ. ಕಾಂತದ ಬಲ ಪ್ರವಾಹವನ್ನು ಅವಲಂಬಿಸಿರುವುದರಿಂದ ಇಲ್ಲಿ ಕಳೆದುಹೋದ ವೋಲ್ಟೇಜ್ ನೇರವಾಗಿ ಬ್ರೇಕಿನ ಬಲದಲ್ಲಿ ಕಡಿತವಾಗುತ್ತದೆ.

ಚಾರ್ಜ್ ವೈರಿಗೆ ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಅಥವಾ ಸರ್ಕ್ಯೂಟ್ ಬ್ರೇಕರ್ ಇರಬೇಕು. ಹಿಂಬದಿಯಲ್ಲಿ ಹಾಕಿದ ಫ್ಯೂಸ್, ದಾರಿಯಲ್ಲಿ ಉಜ್ಜಿ ಒಡಲಿಗೆ ತಗುಲಿದ ವೈರನ್ನು ಕಾಪಾಡದು. ಎಂಜಿನ್ ನಿಂತಾಗ ಸಂಪರ್ಕವನ್ನು ಕಡಿಯುವ ರಿಲೇ ಸೇರಿಸದಿದ್ದರೆ ರಾತ್ರಿ ತಂಗಿದಲ್ಲಿ ಟ್ರೇಲರ್‌ನ ಫ್ರಿಜ್ಜು ವ್ಯಾನಿನ ಬ್ಯಾಟರಿಯನ್ನೂ ಖಾಲಿ ಮಾಡಿ, ಬೆಳಗ್ಗೆ ವಾಹನ ಚಾಲೂ ಆಗದಂತೆ ಮಾಡಬಲ್ಲದು.

ಅಳವಡಿಕೆ

ಕೆಲಸ ಆರಂಭಿಸುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಕಳಚುವುದು ವಾಡಿಕೆ. ವೈರನ್ನು ಎಂಜಿನ್ ಕೋಣೆಯಿಂದ ವಾಹನದ ಅಡಿಯಲ್ಲಿ, ಇಂಧನ ಮತ್ತು ಬ್ರೇಕ್ ಕೊಳವೆಗಳಿಗೆ ತಾಗದಂತೆ, ಹೊಗೆಕೊಳವೆಯಿಂದ ದೂರವಾಗಿ ಎಳೆದು ಪ್ಲಾಸ್ಟಿಕ್ ಸುರುಳಿ ಕೊಳವೆಯೊಳಗೆ ಸೇರಿಸಿ ಅಲ್ಲಲ್ಲಿ ಬಿಗಿಯಲಾಗುತ್ತದೆ. ನೆಲದೊಳಕ್ಕೆ ಮಡಚಿಕೊಳ್ಳುವ ಆಸನಗಳಿರುವ ಮಿನಿವ್ಯಾನ್‌ಗಳಲ್ಲಿ ಅಡಿಯ ಬಹುಭಾಗವನ್ನು ಆಸನದ ಗುಂಡಿಗಳೇ ಆಕ್ರಮಿಸಿರುವುದರಿಂದ ದಾರಿ ಹುಡುಕುವುದು ಪ್ರಯಾಸದ ಕೆಲಸ. ಎಂಜಿನ್ ಕೋಣೆಯ ಗೋಡೆಯನ್ನು ದಾಟುವಾಗ ಈಗಾಗಲೇ ಇರುವ ರಬ್ಬರ್ ಬಳೆಯ ಮೂಲಕವೇ ಹೋಗುವುದು ಒಳ್ಳೆಯದು. ಬರಿಯ ತಗಡಿನ ಅಂಚು ತಿಂಗಳೊಪ್ಪತ್ತಿನಲ್ಲಿ ವೈರಿನ ಹೊದಿಕೆಯನ್ನು ಕೊಯ್ಯುತ್ತದೆ. ಹೈಬ್ರಿಡ್ ವಾಹನಗಳ ಅಡಿಯಲ್ಲಿ ಹಾದುಹೋಗುವ ಕಿತ್ತಳೆ ಬಣ್ಣದ ಕೇಬಲ್‌ಗಳು ಅಧಿಕ ವೋಲ್ಟೇಜಿನವು. ಅವುಗಳ ಬಳಿ ತೂತು ಕೊರೆಯುವುದೂ ವೈರು ಕಟ್ಟುವುದೂ ಪ್ರಾಣಾಪಾಯಕಾರಿ.

ವೈರುಗಳನ್ನು ಕೂಡಿಸಲು ಹೊದಿಕೆಯನ್ನು ಚುಚ್ಚಿ ಸಂಪರ್ಕ ಸಾಧಿಸುವ ನೀಲಿ ಕ್ಲಿಪ್ಪುಗಳು ಅಗ್ಗವಾಗಿ ಸಿಗುತ್ತವೆ. ವಾಹನದ ಒಳಗೆ ಅವು ಹೇಗೋ ನಡೆದೀತು, ಅಡಿಯಲ್ಲಿ ಮಾತ್ರ ನೀರು ಒಳನುಗ್ಗಿ ತಾಮ್ರವು ಹಸಿರುಗಟ್ಟುತ್ತದೆ. ಬೆಸುಗೆ ಹಾಕಿ ಅಥವಾ ಇಕ್ಕಳದಿಂದ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹೊದಿಸಿದ ಜೋಡಣೆಯೇ ಬಾಳಿಕೆ ಬರುವಂಥದ್ದು.

ಭೂಸಂಪರ್ಕದ ದೋಷ ಮತ್ತು ಪರೀಕ್ಷೆ

ಟ್ರೇಲರ್ ದೀಪಗಳ ತೊಂದರೆಗಳಲ್ಲಿ ಬಹುಪಾಲಿಗೆ ಕಾರಣ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಅರ್ತ್’ ಎನಿಸಿಕೊಂಡಿರುವ ಭೂಸಂಪರ್ಕದ ವೈರು. ದೀಪಕ್ಕೆ ಹೋದ ಪ್ರವಾಹವೆಲ್ಲ ಹಿಂದಿರುಗುವುದು ಈ ಒಂದೇ ಬಿಳಿ ವೈರಿನಲ್ಲಿ. ಅದು ಸಡಿಲವಾದರೆ ಪ್ರವಾಹ ಬೇರೆ ದಾರಿ ಹುಡುಕುತ್ತದೆ. ಎಡ ಇಂಡಿಕೇಟರ್ ಹಾಕಿದರೆ ಅದರ ಪ್ರವಾಹವು ಹಿಂಬದಿ ದೀಪದ ತಂತುವಿನ ಮೂಲಕ ಹಿಮ್ಮುಖವಾಗಿ ಹರಿದು ಎಲ್ಲ ದೀಪಗಳೂ ಮಂಕಾಗಿ ಒಟ್ಟಿಗೆ ಮಿನುಗತೊಡಗುತ್ತವೆ. ಒಂದು ಸ್ವಿಚ್ ಹಾಕಿದಾಗ ಸಂಬಂಧವಿಲ್ಲದ ದೀಪ ಹೊತ್ತಿಕೊಂಡರೆ ಮೊದಲು ನೋಡಬೇಕಾದದ್ದು ಬಿಳಿ ವೈರನ್ನು.

ಇನ್ನೂ ಅಪಾಯಕಾರಿಯಾದದ್ದು ಈ ದೋಷವು ಮರೆಯಾಗಿರುವ ಸ್ಥಿತಿ. ಬಿಳಿ ವೈರು ತುಂಡಾಗಿದ್ದರೂ ಟ್ರೇಲರ್‌ನ ಮೂತಿ ಮತ್ತು ಹಿಚ್ ಗುಂಡಿನ ಲೋಹದ ಸ್ಪರ್ಶದಿಂದಲೇ ಪ್ರವಾಹ ಹಿಂದಿರುಗಿ ದೀಪಗಳು ಉರಿಯಬಹುದು. ನಿಂತಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಗುಂಡಿಗೆ ಗ್ರೀಸ್ ಹಚ್ಚಿರುತ್ತದೆ, ರಸ್ತೆಯ ಕುಲುಕಾಟದಲ್ಲಿ ಸ್ಪರ್ಶ ಕೂಡುತ್ತ ಬಿಡುತ್ತ ಇರುತ್ತದೆ. ಬ್ರೇಕ್ ಕಾಂತಗಳ 6 ಆಂಪಿಯರ್ ಅದೇ ಗ್ರೀಸ್ ಪದರವನ್ನು ದಾಟಬೇಕಾದಾಗ ಬ್ರೇಕು ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ. ಇದನ್ನು ಪತ್ತೆಹಚ್ಚಲು ಟ್ರೇಲರ್‌ನ ಮೂತಿಯನ್ನು ಗುಂಡಿನಿಂದ ಎತ್ತಿ, ಸರಪಳಿಗಳನ್ನೂ ಕಳಚಿ, ಕನೆಕ್ಟರ್ ಮಾತ್ರ ಜೋಡಿಸಿ ದೀಪಗಳನ್ನು ಪರೀಕ್ಷಿಸುವುದು ಉತ್ತಮ ವಿಧಾನ. ಗಾಲಿಗಳಿಗೆ ಅಡ್ಡಗಲ್ಲು ಇಟ್ಟ ಮೇಲೆಯೇ ಇದನ್ನು ಮಾಡಬೇಕು.

ಬ್ರೇಕಿನ ಪರೀಕ್ಷೆಗೆ ದೀಪ ಸಾಲದು. ಸಮತಟ್ಟಾದ, ವಾಹನ ಸಂಚಾರವಿಲ್ಲದ ಜಾಗದಲ್ಲಿ ನಿಧಾನವಾಗಿ ಸಾಗುತ್ತ ಕೈಸನ್ನೆಯನ್ನು ಮಾತ್ರ ಒತ್ತಿದಾಗ ಟ್ರೇಲರ್ ವ್ಯಾನನ್ನು ಹಿಂದಕ್ಕೆ ಜಗ್ಗಿದ ಅನುಭವವಾಗಬೇಕು. ಗಾಲಿಗಳು ಸಿಕ್ಕಿಕೊಂಡು ಜಾರಿದರೆ ಪ್ರವಾಹ ಹೆಚ್ಚಾಗಿದೆ ಎಂದರ್ಥ, ಏನೂ ಆಗದಿದ್ದರೆ ನೀಲಿ ಅಥವಾ ಬಿಳಿ ವೈರಿನಲ್ಲಿ ದೋಷವಿದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಉತ್ತರದ ರಾಜ್ಯಗಳಲ್ಲಿ ಮತ್ತು ಕೆನಡಾದಲ್ಲಿ ಸಾಕೆಟ್ಟಿನ ನಾಲಗೆಗಳು ಬೇಗನೆ ಕಿಲುಬು ಹಿಡಿಯುತ್ತವೆ. ವರ್ಷಕ್ಕೊಮ್ಮೆ ಉಜ್ಜಿ, ವಿದ್ಯುತ್ ನಿರೋಧಕ ಗ್ರೀಸ್ ಹಚ್ಚುವುದು ಅಲ್ಲಿನ ರೂಢಿ.

ಇತರ ದೇಶಗಳಲ್ಲಿ

ಯುರೋಪಿನಲ್ಲಿ ಹಿಂಬದಿ ಇಂಡಿಕೇಟರ್ ಅಂಬರ್ ಬಣ್ಣದ್ದೇ ಆಗಿರಬೇಕಾದ್ದರಿಂದ ಟ್ರೇಲರ್‌ನಲ್ಲೂ ಬ್ರೇಕ್ ದೀಪ ಮತ್ತು ಇಂಡಿಕೇಟರ್‌ಗಳಿಗೆ ಬೇರೆ ಬೇರೆ ವೈರುಗಳಿವೆ, ಮೂರನ್ನು ಎರಡಾಗಿಸುವ ಪರಿವರ್ತಕದ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಕ್ಯಾರವಾನ್‌ಗಳಲ್ಲಿ 13 ಪಿನ್‌ನ ಕನೆಕ್ಟರ್ ಬಳಕೆಯಲ್ಲಿದೆ. ಅಲ್ಲಿನ ಬ್ರೇಕು ಸಾಮಾನ್ಯವಾಗಿ ಯಾಂತ್ರಿಕವಾದದ್ದು. ಎಳೆಯುವ ವಾಹನ ನಿಧಾನವಾದಾಗ ಕ್ಯಾರವಾನ್ ಮುಂದಕ್ಕೆ ನೂಕುವ ಬಲವೇ ಸರಳುಗಳ ಮೂಲಕ ಅದರ ಬ್ರೇಕನ್ನು ಒತ್ತುತ್ತದೆ, ಆದ್ದರಿಂದ ನೀಲಿ ವೈರಿಗಾಗಲೀ ಡ್ಯಾಶ್‌ಬೋರ್ಡಿನ ನಿಯಂತ್ರಕಕ್ಕಾಗಲೀ ಅಲ್ಲಿ ಕೆಲಸವಿಲ್ಲ. ಆಸ್ಟ್ರೇಲಿಯಾದಲ್ಲಿ ವಿದ್ಯುತ್ ಬ್ರೇಕುಗಳು ಸಾಮಾನ್ಯವಾಗಿದ್ದರೂ ಅಲ್ಲಿನ ಏಳು ಪಿನ್‌ನ ಚಪ್ಪಟೆ ಕನೆಕ್ಟರ್ ಅಮೆರಿಕದ ದುಂಡು ಸಾಕೆಟ್ಟಿಗೆ ಹೊಂದುವುದಿಲ್ಲ. ಅಮೆರಿಕದಿಂದ ತರಿಸಿಕೊಂಡ ಟ್ರೇಲರ್‌ಗಳನ್ನು ಈ ದೇಶಗಳಲ್ಲಿ ಬಳಸಬೇಕಾದರೆ ಪ್ಲಗ್ ಬದಲಿಸಿದರೆ ಸಾಲದು, ಇಂಡಿಕೇಟರ್ ದೀಪಗಳನ್ನೇ ಬೇರ್ಪಡಿಸಿ ಹೊಸದಾಗಿ ವೈರು ಎಳೆಯಬೇಕಾಗುತ್ತದೆ.